ಚಕ್ಕೋತದ ನೆರಳಿನಲ್ಲಿ ಒಂದು ವಾರದ ಕಚೇರಿ: ಹುಯೆ ದಿನಚರಿ

2025ರ ಮಾರ್ಚ್ 8, ಶನಿವಾರ

ವಿಯೆಟ್ನಾಂನ ದಾ ನಾಂಗ್‌ನಿಂದ ಹುಯೆಗೆ ರೈಲಿನಲ್ಲಿ ಹೋಗುವುದಾದರೆ ಬಲಗಡೆಯ ಕಿಟಕಿಯ ಪಕ್ಕದಲ್ಲಿಯೇ ಕೂರಬೇಕೆಂದು ಹೋಗಿಬಂದವರು ಹೇಳಿದ್ದರು. ಆ ಮಾತು ನಿಜವಾಯಿತು. ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿರುವ, 1936ರಲ್ಲಿ ಪೂರ್ತಿಯಾದ ಈ ಹಳಿ ಹಾಯ್ ವಾನ್ ಘಾಟಿಯಲ್ಲಿ ಸಮುದ್ರದ ಅಂಚನ್ನೇ ಹಿಡಿದು ಸಾಗುತ್ತದೆ. ಒಂದು ಸುರಂಗ ಮುಗಿದು ಮತ್ತೊಂದು ಬರುವಷ್ಟರಲ್ಲಿ ಕೆಳಗೆ ಬಿಳಿಯ ನೊರೆ, ಬಂಡೆ, ಯಾರೂ ಇಲ್ಲದ ಒಂದು ಮರಳ ತುಣುಕು ಕಂಡು ಮರೆಯಾಗುತ್ತವೆ. ನೂರು ಕಿಲೋಮೀಟರಿನಷ್ಟು ದಾರಿಗೆ ಮೂರು ಗಂಟೆ ಹಿಡಿಯಿತು, ಆದರೆ ಬೇಗ ತಲುಪಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಬಳಕೆದಾರರ ಕೈಪಿಡಿಗಳನ್ನು ಬರೆಯುವವಳು. ಒಂದು ವಾರ ಹೊರದೇಶದಿಂದ ಕೆಲಸ ಮಾಡಲು ಕಚೇರಿಯಿಂದ ಬರಹದಲ್ಲಿಯೇ ಅನುಮತಿ ಪಡೆದು, 25 ಡಾಲರ್ ಕೊಟ್ಟು ಇ-ವೀಸಾ ಮಾಡಿಸಿಕೊಂಡು, ಹೋ ಚಿ ಮಿನ್ ನಗರದಲ್ಲಿ ವಿಮಾನ ಬದಲಿಸಿ ಬಂದಿದ್ದೆ. ದೂರದಿಂದ ಕೆಲಸ ಮಾಡುವವರು ವಿಯೆಟ್ನಾಂನಲ್ಲಿ ಸಾಮಾನ್ಯವಾಗಿ ದಾ ನಾಂಗ್‌ನ ಕಡಲತೀರದಲ್ಲಿ ನೆಲೆ ನಿಲ್ಲುತ್ತಾರೆ. ನಾನು ಹುಯೆಯನ್ನು ಆರಿಸಿಕೊಂಡದ್ದು ಅಲ್ಲಿನ ತೋಟದ ಮನೆಗಳ ಸಲುವಾಗಿ. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಅರಮನೆ ಮತ್ತು ಸಮಾಧಿಗಳಷ್ಟೇ ಅಲ್ಲದೆ ಅರಸುಮನೆತನದವರೂ ಅಧಿಕಾರಿಗಳೂ ನದಿಯ ಎರಡೂ ದಡಗಳಲ್ಲಿ ಕಟ್ಟಿಸಿದ ತೋಟದ ಮನೆಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಕೆಲವು ಈಗ ಕಾಫಿ ಮಾರುತ್ತವೆ.

ಸಂಜೆ ನಿಲ್ದಾಣದಿಂದ ಹೊರಬಂದಾಗ ಬೀದಿಯುದ್ದಕ್ಕೂ ಗುಲಾಬಿಯ ಮಾರಾಟ ನಡೆದಿತ್ತು. ಮಹಿಳಾ ದಿನವನ್ನು ಇಲ್ಲಿ ಮನೆಮನೆಯಲ್ಲಿ ಆಚರಿಸುತ್ತಾರೆ. ವಸತಿಗೃಹದ ಮೇಜಿನ ಹಿಂದಿದ್ದ ಹುಡುಗ ನನ್ನ ಪಾಸ್‌ಪೋರ್ಟಿನೊಡನೆ ಒಂದು ಹೂವನ್ನೂ ಕೈಗಿತ್ತ.

ಮಾರ್ಚ್ 9, ಭಾನುವಾರ

ಬಾಡಿಗೆ ಸೈಕಲ್ ಹಿಡಿದು ಯಾ ವಿಯೆನ್ ಸೇತುವೆ ದಾಟಿ, ಪರಿಮಳದ ನದಿಯೆಂದೇ ಹೆಸರಾದ ಹುವಾಂಗ್ ನದಿಯ ಉತ್ತರ ದಡದಲ್ಲಿ ಕಿಮ್ ಲಾಂಗ್ ಕಡೆಗೆ ಹೊರಟೆ. 1636ರಿಂದ ಐವತ್ತು ವರ್ಷ ನ್ಗುಯೆನ್ ಪಾಳೆಯಗಾರರ ಆಡಳಿತ ನಡೆದದ್ದು ಇದೇ ಕಿಮ್ ಲಾಂಗ್‌ನಿಂದ. ಇನ್ನೂ ಮುಂದೆ ಸಾಗಿದರೆ ಏಳು ನೆಲೆಯ ಗೋಪುರವಿರುವ ಥಿಯೆನ್ ಮು ವಿಹಾರ ಸಿಗುತ್ತದೆ. ನಾನು ಅಷ್ಟು ದೂರ ಹೋಗಲೇ ಇಲ್ಲ. ನಡುದಾರಿಯಲ್ಲಿ ಒಂದು ವಾಸನೆ ಮೂಗಿಗೆ ಬಡಿದು ಸೈಕಲ್ ತಾನಾಗಿ ನಿಂತಿತು.

ಈ ವಾಸನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಹುಟ್ಟಿದ್ದು ದೇವನಹಳ್ಳಿಯಲ್ಲಿ. ನಮ್ಮಜ್ಜನ ಮನೆಯ ಹಿತ್ತಿಲಿನಲ್ಲಿ ಬಾವಿಯ ಸುತ್ತ ಹನ್ನೊಂದು ಚಕ್ಕೋತದ ಮರಗಳಿದ್ದವು. ಮಾಘ ಕಳೆದು ಫಾಲ್ಗುಣ ಬರುವ ಹೊತ್ತಿಗೆ ಆ ಮರಗಳು ಹೂಬಿಟ್ಟರೆ ರಾತ್ರಿ ಜಗುಲಿಯ ಮೇಲೆ ಮಲಗಿದವರಿಗೆಲ್ಲ ಆ ಕಂಪು ಮುಟ್ಟುತ್ತಿತ್ತು. ಮಲ್ಲಿಗೆಗಿಂತ ಗಟ್ಟಿಯಾದ, ನಿಂಬೆಯ ಹುಳಿಯನ್ನು ಒಳಗಿಟ್ಟುಕೊಂಡ ಕಂಪು ಅದು. ದೇವನಹಳ್ಳಿ ಚಕ್ಕೋತಕ್ಕೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದರೆ ವಿಮಾನ ನಿಲ್ದಾಣದ ಮಾತು ಶುರುವಾದಂದಿನಿಂದ ನೆಲದ ಬೆಲೆ ಏರುತ್ತಾ ಹೋಗಿ ತೋಟಗಳು ಒಂದೊಂದಾಗಿ ನಿವೇಶನಗಳಾದವು. ನಮ್ಮ ಹಿತ್ತಿಲೂ ಹಾಗೆಯೇ ಹೋಯಿತು. ಎರಡು ದಿನದ ಹಿಂದೆ ನಾನು ವಿಮಾನ ಹತ್ತಿದ್ದು ಆ ನೆಲದ ಪಕ್ಕದಿಂದಲೇ. ಹೀಗಿರುವಾಗ ಎರಡು ದೇಶ ದಾಟಿ ಬಂದು ಒಂದು ಗೇಟಿನ ಮುಂದೆ ಅದೇ ಕಂಪು ಸಿಕ್ಕರೆ ಮುಂದೆ ಹೋಗುವುದಾದರೂ ಹೇಗೆ?

ಗೇಟಿನ ಮೇಲೆ ಕಾಫಿಯ ಸಣ್ಣ ಫಲಕವಿತ್ತು. ಕತ್ತರಿಸಿದ ಬೇಲಿಗಿಡಗಳ ನಡುವಿನ ದಾರಿ ನೇರವಾಗಿ ಮನೆಗೆ ಹೋಗಲಿಲ್ಲ. ಎದುರಿಗೆ ಎದೆಯೆತ್ತರದ ಒಂದು ಗೋಡೆ ಅಡ್ಡ ನಿಂತು, ಬಂದವರು ಬಳಸಿಕೊಂಡು ಹೋಗುವಂತೆ ಮಾಡಿತ್ತು. ಇದನ್ನು ಇಲ್ಲಿ ಬಿನ್ ಫಾಂಗ್ ಎನ್ನುತ್ತಾರೆ. ಕೆಟ್ಟದ್ದು ನೇರವಾಗಿ ಒಳಗೆ ನುಗ್ಗಬಾರದು ಎಂಬ ನಂಬಿಕೆಯ ಗೋಡೆ ಅದು. ಬೀದಿಯ ಮೋಟಾರ್‌ಬೈಕುಗಳ ಸದ್ದು ಅಲ್ಲಿಗೇ ಅರ್ಧಕ್ಕರ್ಧ ತಗ್ಗಿಹೋಯಿತು. ಗೋಡೆಯ ಹಿಂದೆ ಕಲ್ಲುಗುಡ್ಡದ ಸಣ್ಣ ಮಾದರಿಯಿರುವ ನೀರಿನ ತೊಟ್ಟಿ, ಅದರಾಚೆ ಅಂಗಳ, ಅಂಗಳದ ಕೊನೆಗೆ ಹೆಂಚಿನ ತಗ್ಗು ಮಾಡಿನ ಮರದ ಮನೆ. ಈ ಬಗೆಯ ಮನೆಗೆ ನ್ಯಾ ರುವಾಂಗ್ ಎಂದು ಹೆಸರು. ಕಂಬಗಳು ಹಲಸಿನ ಮರದವು, ಕೈಯಾಡಿ ಕೈಯಾಡಿ ಜೇನಿನ ಬಣ್ಣಕ್ಕೆ ತಿರುಗಿದ್ದವು. ಅಂಗಳದ ಎರಡು ಬದಿಗೂ ಮರಗಳ ಕೆಳಗೆ ತಗ್ಗಾದ ಮೇಜುಗಳಿದ್ದವು. ಕಂಪು ಬಂದಿದ್ದು ಎಡಬದಿಯ ಎರಡು ಮರಗಳಿಂದ. ಅದು ಹುಯೆಯ ಹೆಸರಾಂತ ಥಾನ್ ಟ್ರಾ, ಚಕ್ಕೋತದ ಜಾತಿಗೇ ಸೇರಿದ್ದು. ಬುಡಕ್ಕೆ ಮೊಣಕಾಲೆತ್ತರ ಸುಣ್ಣ ಬಳಿದಿದ್ದರು. ಬಿದ್ದ ಹೂವಿನ ಎಸಳುಗಳು ದಪ್ಪವಾಗಿ, ಮೇಣದಿಂದ ಮಾಡಿದಂತೆ, ಮೇಜಿನ ಮೇಲೂ ಹರಡಿದ್ದವು.

ಕಾಫಿ ಹೇಳಿ ಮೂರು ವಿಷಯ ನೋಡಿಕೊಂಡೆ. ಮೇಜಿನ ಹತ್ತಿರದ ಕಂಬದಲ್ಲಿ ಪ್ಲಗ್ ಇತ್ತು. ವೈಫೈ ಗುಪ್ತಪದ ಬಿಲ್ಲಿನ ಅಡಿಯಲ್ಲಿಯೇ ಅಚ್ಚಾಗಿತ್ತು. ಕುರ್ಚಿ ಮಾತ್ರ ಬಿದಿರಿನ ತಗ್ಗು ಕುರ್ಚಿ, ಅದರಲ್ಲಿ ಕೂತು ಎಂಟು ಗಂಟೆ ಟೈಪು ಮಾಡಿದರೆ ಬೆನ್ನು ಉಳಿಯುವುದಿಲ್ಲ. ನಾಳೆ ಲ್ಯಾಪ್‌ಟಾಪ್ ತರಬಹುದೇ ಎಂದು ಫೋನಿನ ಅನುವಾದಕದಲ್ಲಿ ಬರೆದು ತೋರಿಸಿದೆ. ಒಡತಿ ಕನ್ನಡಕ ಏರಿಸಿ ಓದಿ, ನನ್ನನ್ನೊಮ್ಮೆ ಅಳೆದು ನೋಡಿ, ಒಳಗೆ ಹೋಗಿ ಊಟದ ಕೋಣೆಯ ನೇರ ಬೆನ್ನಿನ ಒಂದು ಮರದ ಕುರ್ಚಿಯನ್ನು ತಂದು ಥಾನ್ ಟ್ರಾ ಮರದ ಕೆಳಗೆ ಇಟ್ಟರು. ಉತ್ತರ ಅದೇ.

ಮಾರ್ಚ್ 10, ಸೋಮವಾರ

ವಿಯೆಟ್ನಾಂನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಬೆಂಗಳೂರಿನಲ್ಲಿ ಒಂಬತ್ತೂವರೆಗೆ ಶುರುವಾಗುವ ನನ್ನ ಕಚೇರಿ ಇಲ್ಲಿ ಹನ್ನೊಂದಕ್ಕೆ ಶುರುವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಊರೋ ಐದೂವರೆಗೇ ಎದ್ದಿರುತ್ತದೆ, ಕೆಫೆಯ ಗೇಟು ಆರೂವರೆಗೆ ತೆರೆಯುತ್ತದೆ. ಅಂದರೆ ದಿನದ ಮೊದಲ ನಾಲ್ಕು ಗಂಟೆಗಳಲ್ಲಿ ನನ್ನನ್ನು ಕರೆಯುವವರು ಯಾರೂ ಇಲ್ಲ. ಬೆಂಗಳೂರಿನಲ್ಲಿ ಆ ಹೊತ್ತನ್ನು ರಿಂಗ್ ರಸ್ತೆ ತಿಂದುಬಿಡುತ್ತದೆ. ಬರೆಯುವ ಕೆಲಸವನ್ನೆಲ್ಲ ಬೆಳಗ್ಗೆ ಮುಗಿಸಿ, ಸಭೆಗಳನ್ನೂ ತಿದ್ದುಪಡಿಗಳನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಂಡೆ.

ಬೆಳಗಿನ ಕಾಫಿ ಬಂದದ್ದು ಗಾಜಿನ ಲೋಟದ ಮೇಲೆ ಕೂತ ಫಿನ್ ಎಂಬ ಪುಟ್ಟ ತಗಡಿನ ಪಾತ್ರೆಯಲ್ಲಿ. ತಳದಲ್ಲಿ ತೂತುಗಳಿರುವ ಬಟ್ಟಲು, ಪುಡಿಯನ್ನು ಒತ್ತುವ ತೂತಿನ ಬಿಲ್ಲೆ, ಮೇಲೊಂದು ಮುಚ್ಚಳ ಸೇರಿದರೆ ಫಿನ್ ಆಯಿತು. ನಮ್ಮ ಕಾಫಿ ಫಿಲ್ಟರಿನ ಮೇಲಿನ ಅರ್ಧವನ್ನು ತೆಗೆದು ಲೋಟದ ಮೇಲೆ ಇಟ್ಟಂತೆಯೇ. ವ್ಯತ್ಯಾಸವಿರುವುದು ಹೊತ್ತಿನಲ್ಲಿ. ನಮ್ಮ ಮನೆಗಳಲ್ಲಿ ಡಿಕಾಕ್ಷನ್ ಯಾರೂ ನೋಡದಾಗ ಇಳಿದು ತಯಾರಾಗಿರುತ್ತದೆ, ಇಲ್ಲಿ ಅದು ಕುಡಿಯುವವರ ಕಣ್ಣೆದುರು ನಾಲ್ಕೈದು ನಿಮಿಷ ತೊಟ್ಟಿಕ್ಕುತ್ತದೆ. ಲೋಟದ ತಳದಲ್ಲಿ ಬೆರಳು ದಪ್ಪದ ಗಟ್ಟಿಹಾಲು, ಅದರ ಮೇಲೆ ಒಂದೊಂದೇ ಕಪ್ಪು ಹನಿ. ಕೊನೆಯ ಹನಿ ಬಿದ್ದ ಮೇಲೆ ಮುಚ್ಚಳವನ್ನು ಅಂಗಾತ ಇಟ್ಟು ಅದರ ಮೇಲೆ ಫಿನ್ ಇಡಬೇಕು, ಆಗ ಮೇಜು ಒದ್ದೆಯಾಗುವುದಿಲ್ಲ. ಇದನ್ನು ನನಗೆ ತೋರಿಸಿಕೊಟ್ಟದ್ದು ಒಡತಿಯ ಮೊಮ್ಮಗಳು, ಕಾಲೇಜಿನ ಹುಡುಗಿ. ಹಾಲು ಅಪರೂಪವಾಗಿದ್ದ ದೇಶಕ್ಕೆ ಫ್ರೆಂಚರು 1857ರಲ್ಲಿ ಕಾಫಿ ತಂದಾಗ ಡಬ್ಬಿಯ ಗಟ್ಟಿಹಾಲೇ ಗತಿಯಾಯಿತು, ಅದೇ ಮುಂದೆ ರುಚಿಯಾಯಿತು. ಬೀಜ ಬಹುಪಾಲು ರೊಬಸ್ಟಾ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶವಿದು. ಕೊಡಗಿನ ರೊಬಸ್ಟಾ ಕುಡಿದು ಬೆಳೆದ ನಾಲಿಗೆಗೆ ಆ ಕಹಿ ಹೊಸದಲ್ಲ, ಆದರೆ ಚಿಕೋರಿಯ ಅಂಟು ರುಚಿಯಿಲ್ಲದ ಕಾರಣ ಕಹಿ ನೇರವಾಗಿ ಬಂದು ತಟ್ಟನೆ ಮುಗಿಯುತ್ತದೆ.

ಕಾಫಿಗೆ 25,000 ದಾಂಗ್, ಎಂದರೆ ನಮ್ಮ ಎಂಬತ್ತೈದು ರೂಪಾಯಿಯ ಆಸುಪಾಸು. ಅದರ ಜೊತೆಗೆ ಕೇಳದೆಯೇ ಒಂದು ದೊಡ್ಡ ಲೋಟ ತಣ್ಣನೆಯ ಚಹಾ ಬಂತು. ಇದು ಟ್ರಾ ದಾ. ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತುಂಬುತ್ತಾರೆ. ನೀವು ಇನ್ನೂ ಕೂರಬಹುದು ಎಂಬುದನ್ನು ಬಾಯಿಬಿಟ್ಟು ಹೇಳದೆ ಲೋಟದ ಮೂಲಕ ಹೇಳುವ ಪದ್ಧತಿ ಅದು ಎಂದು ನಾನು ತಿಳಿದುಕೊಂಡೆ. ನಮ್ಮ ದರ್ಶಿನಿಗಳಲ್ಲಿ ನಿಂತೇ ಕಾಫಿ ಕುಡಿದು ಲೋಟ ಇಟ್ಟು ಹೊರಡುವ ಅಭ್ಯಾಸವನ್ನು ನಾನು ಇಷ್ಟಪಡುತ್ತೇನೆ, ಅದರ ಚುರುಕೇ ಬೇರೆ. ಆದರೆ ಕೂರುವುದಕ್ಕೆ ಜಾಗ ಎಂಬುದು ಬೆಂಗಳೂರಿನಲ್ಲಿ ಬಹಳ ದುಬಾರಿಯಾದ ಪದಾರ್ಥವಾಗಿಬಿಟ್ಟಿದೆ. ಇಲ್ಲಿ ನನ್ನ ಪಕ್ಕದ ಮೇಜಿನಲ್ಲಿ ನಿವೃತ್ತರಂತೆ ಕಾಣುವ ಇಬ್ಬರು ಹಿರಿಯರು ಆರೂಮುಕ್ಕಾಲಿನಿಂದ ಒಂಬತ್ತೂವರೆಯವರೆಗೆ ಒಂದೊಂದೇ ಕಾಫಿಯ ಮೇಲೆ ಚದುರಂಗ ಆಡಿದರು.

ಹಾಗೆಂದು ಲ್ಯಾಪ್‌ಟಾಪ್ ಹಿಡಿದು ಬಂದವರು ಆ ಸೌಜನ್ಯವನ್ನು ಬಳಸಿಕೊಂಡು ಇಡೀ ದಿನ ಮೇಜು ಹಿಡಿದು ಕೂರಬಾರದು. ಮೊದಲ ದಿನವೇ ಒಂದು ಲೆಕ್ಕ ಹಾಕಿಕೊಂಡೆ: ಎರಡೂವರೆ ಗಂಟೆಗೊಂದು ಪಾನೀಯ, ವಾರದ ದಿನಗಳಲ್ಲಿ ಗೋಡೆಯ ಕಡೆಯ ಸಣ್ಣ ಮೇಜು, ನಾಲ್ಕು ಜನರ ಗುಂಪು ಬಂದರೆ ಕೇಳುವ ಮೊದಲೇ ಜಾಗ ಬಿಡುವುದು. ಬೆಳಗ್ಗೆ ಕಾಫಿ, ಮಧ್ಯಾಹ್ನ ಎಳನೀರು, ಮೂರಕ್ಕೆ ಉಪ್ಪು ಕಾಫಿ, ಸಂಜೆ ಕಮಲದ ಬೀಜದ ಪಾಯಸದಂಥ ಚೆ. ಉಪ್ಪು ಕಾಫಿ ಹುಯೆಯದೇ ಕೊಡುಗೆ. 2010ರಲ್ಲಿ ನ್ಗುಯೆನ್ ಲುವಾಂಗ್ ಬಾಂಗ್ ಬೀದಿಯ ಒಂದು ಪುಟ್ಟ ಅಂಗಡಿಯಲ್ಲಿ ಹುಟ್ಟಿ ಈಗ ದೇಶವೆಲ್ಲ ಹಬ್ಬಿದೆ. ಕಡೆದ ಕೆನೆಯಲ್ಲಿ ಒಂದು ಚಿಟಿಕೆ ಉಪ್ಪು ಅಷ್ಟೆ, ಅದು ಕಾಫಿಯ ಕಹಿಯನ್ನು ಹಿಂದಕ್ಕೆ ತಳ್ಳಿ ಸಿಹಿಯನ್ನು ಮುಂದಕ್ಕೆ ತರುತ್ತದೆ.

ಮಾರ್ಚ್ 11, ಮಂಗಳವಾರ

ಇಂದು ತಪ್ಪು ಮಾಡಿದೆ. ಹನ್ನೆರಡೂವರೆಗೆ ಬಂದ ಕರೆಯಲ್ಲಿ ಒಂದು ಕೈಪಿಡಿಯ ಕ್ರಮದ ಬಗ್ಗೆ ವಾದ ಬೆಳೆದು ನನ್ನ ದನಿ ಏರಿತು. ಕರೆ ಮುಗಿಸಿ ತಲೆಯೆತ್ತಿದರೆ ತೋಟದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಡುಗೆಯ ಹೆಂಗಸು ಎರಡು ಕುರ್ಚಿ ಜೋಡಿಸಿ ಮಲಗಿದ್ದರು, ಮೊಮ್ಮಗಳು ಹಿಂಬದಿಯ ಬಟ್ಟೆಯ ಜೋಲಿಯಲ್ಲಿದ್ದಳು, ಇಬ್ಬರು ಗಿರಾಕಿಗಳೂ ಟೋಪಿಯನ್ನು ಮುಖದ ಮೇಲೆ ಇಟ್ಟುಕೊಂಡಿದ್ದರು. ಜೋಲಿಯಿಂದ ಒಂದು ಕಣ್ಣು ನನ್ನತ್ತ ತೆರೆದು ಮತ್ತೆ ಮುಚ್ಚಿಕೊಂಡಿತು. ಮಧ್ಯಾಹ್ನದ ನಿದ್ದೆ ಇಲ್ಲಿ ಸೋಮಾರಿತನವಲ್ಲ. ಐದಕ್ಕೆ ಎದ್ದ ಊರು ಮತ್ತೆ ರಾತ್ರಿಯವರೆಗೆ ದುಡಿಯಲು ಪಡೆಯುವ ಬಿಡುವು ಅದು. ಅದನ್ನು ನಾನು ಕೆಡಿಸಿದೆ ಎಂಬುದು ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು.

ಎರಡಕ್ಕೆ ಎಲ್ಲರೂ ಎದ್ದ ಮೇಲೆ ಒಡತಿಯ ಬಳಿ ಹೋಗಿ ಕ್ಷಮೆ ಕೇಳಿದೆ. ಕೇಳುವ ಮೊದಲು ಅವರನ್ನು ಏನೆಂದು ಕರೆಯಬೇಕೆಂದು ಮೊಮ್ಮಗಳಿಂದ ತಿಳಿದುಕೊಂಡೆ, ಏಕೆಂದರೆ ವಿಯೆಟ್ನಾಮೀಸ್‌ನಲ್ಲಿ ನಾನು, ನೀವು ಎಂಬ ಪದಗಳ ಜಾಗದಲ್ಲಿ ನಂಟಿನ ಪದಗಳೇ ಬರುತ್ತವೆ. ತಂದೆತಾಯಿಗಿಂತ ಹಿರಿಯರಾದರೆ ಬಾಕ್, ಅಕ್ಕನ ವಯಸ್ಸಿನವಳು ಚಿ, ಕಿರಿಯರು ಎಮ್. ಬೀದಿಯ ತರಕಾರಿಯವನನ್ನು ಅಣ್ಣಾ ಎಂದೂ ಬಸ್ಸಿನಲ್ಲಿ ಪಕ್ಕ ಕೂತವರನ್ನು ಅಮ್ಮಾ ಎಂದೂ ಕರೆದು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ‘ಬಾಕ್’ ಎಂದೊಡನೆ ಅವರ ಮುಖ ಸಡಿಲವಾಯಿತು. ಕೈ ಹಿಡಿದು ತೋಟದ ಹಿಂಬದಿಗೆ ಕರೆದೊಯ್ದು, ಬಾಳೆಯ ಮೆಳೆಯ ಪಕ್ಕದ ಒಂದು ಕಲ್ಲುಹಾಸನ್ನು ತೋರಿಸಿದರು: ಮಾತಾಡುವುದಿದ್ದರೆ ಇಲ್ಲಿ.

ಆ ದಿನದಿಂದ ನನ್ನ ಸಭೆಗಳೆಲ್ಲ ಬಾಳೆಯ ಬುಡದಲ್ಲಿ ನಡೆದವು. ಮುಂದೆ ಅಡಿಕೆ, ಹಿಂದೆ ಬಾಳೆ ಎಂಬ ಗಾದೆಯೊಂದು ಇಲ್ಲಿದೆಯಂತೆ. ಅಡಿಕೆಯ ಮರ ನೆಟ್ಟಗೆ, ತೆಳ್ಳಗೆ ಇರುವುದರಿಂದ ಮನೆಯ ಮುಂದಿನ ಗಾಳಿಯನ್ನು ತಡೆಯುವುದಿಲ್ಲ, ಬಾಳೆಯ ದಟ್ಟ ಎಲೆ ಹಿಂದಿನ ಚಳಿಗಾಳಿಗೆ ಅಡ್ಡ ನಿಲ್ಲುತ್ತದೆ. ಗಾದೆ ಕಟ್ಟಿದವರಿಗೆ ಗೊತ್ತಿರಲಾರದು, ಬಾಳೆಯ ದಟ್ಟಣೆ ದೂರವಾಣಿಯ ಮಾತನ್ನೂ ಸಾಕಷ್ಟು ತಡೆಯುತ್ತದೆ.

ಮಾರ್ಚ್ 12, ಬುಧವಾರ

ಒಂದು ಅಧ್ಯಾಯ ಪೂರ್ತಿ ಮುಗಿಯಿತು. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಎದ್ದದ್ದು ಎರಡೇ ಬಾರಿ, ಅದೂ ಮರದಿಂದ ಉದುರಿದ ಕೆಂಪಿರುವೆಗಳನ್ನು ಕೊರಳಪಟ್ಟಿಯಿಂದ ತೆಗೆಯಲು. ಸಂಜೆ ಆರಕ್ಕೆ ಪಕ್ಕದ ಮನೆಯವರು ಅಂಗಳಕ್ಕೆ ಧ್ವನಿವರ್ಧಕ ತಂದು ಹಾಡತೊಡಗಿದಾಗ ಬಾಳೆಯ ಬುಡವೂ ಸಾಲಲಿಲ್ಲ. ಉಳಿದ ಸಭೆಯಲ್ಲಿ ಬಾಯಿ ತೆರೆಯದೆ ಬರಹದಲ್ಲಿಯೇ ಉತ್ತರಿಸಿದೆ.

ಮಾರ್ಚ್ 13, ಗುರುವಾರ

ರಾತ್ರಿಯಿಂದಲೇ ಜಿಟಿಜಿಟಿ ಮಳೆ. ಕೊಡೆಯೂ ಬೇಡದ, ಆದರೆ ಲ್ಯಾಪ್‌ಟಾಪ್ ತೆರೆಯಲೂ ಬಿಡದ ಹನಿ. ಬಾಕ್ ನನ್ನ ಕುರ್ಚಿಯನ್ನು ಮೊದಲೇ ಜಗುಲಿಗೆ ಸಾಗಿಸಿದ್ದರು. ಹನ್ನೊಂದರ ಸಭೆಗೆ ಸೇರಿದರೆ ಎದುರಿನವರ ಮುಖಗಳು ಚೌಕಚೌಕವಾಗಿ ಒಡೆದು ನಿಂತವು. ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಮೂರು ಬಾರಿ ಕಡಿದುಹೋಯಿತು, ಸ್ಥಳೀಯ ಜಾಲತಾಣಗಳು ಮಾತ್ರ ಸರಾಗವಾಗಿ ತೆರೆಯುತ್ತಿದ್ದವು. ದೇಶದಾಚೆಯ ಅಂತರ್ಜಾಲಕ್ಕೆ ವಿಯೆಟ್ನಾಂ ಬಹುಪಾಲು ಸಮುದ್ರದಡಿಯ ಕೆಲವೇ ಕೇಬಲ್‌ಗಳನ್ನು ನೆಚ್ಚಿಕೊಂಡಿದೆ. ಅವುಗಳಲ್ಲಿ ಒಂದು ಕೆಟ್ಟರೂ ಹೊರದೇಶದ ಸಂಪರ್ಕ ನಿಧಾನವಾಗುತ್ತದೆ, ದುರಸ್ತಿಗೆ ವಾರಗಳೇ ಹಿಡಿಯುತ್ತವೆ. 2023ರ ಫೆಬ್ರುವರಿಯಲ್ಲಿ ಆಗಿನ ಐದೂ ಕೇಬಲ್‌ಗಳು ಒಟ್ಟೊಟ್ಟಿಗೆ ತೊಂದರೆಗೆ ಸಿಲುಕಿದ್ದವು. ಇಂದಿನ ತೊಡಕಿಗೂ ಅದೇ ಕಾರಣವೋ ಅಥವಾ ಮಳೆಗೆ ನೆನೆದ ತೋಟದ ವೈರೋ, ಸಭೆಯಂತೂ ಕೆಟ್ಟಿತು.

ಇಂಥ ದಿನಕ್ಕೆಂದೇ ಇಟ್ಟುಕೊಂಡಿದ್ದ ಸ್ಥಳೀಯ ಸಿಮ್‌ನಿಂದ ಫೋನಿನ ಸಂಪರ್ಕ ಹಂಚಿಕೊಂಡೆ. ವೀಡಿಯೊ ನಿಲ್ಲಿಸಿ ಧ್ವನಿಯೊಂದನ್ನೇ ಉಳಿಸಿಕೊಂಡ ಮೇಲೆ ಮಾತು ಕಡಿಯದೆ ಸಾಗಿತು. ಉಳಿದ ಕಡತಗಳನ್ನು ಕಂಪ್ಯೂಟರಿನಲ್ಲಿಯೇ ಇಳಿಸಿಕೊಂಡು ಜಾಲವಿಲ್ಲದೆ ತಿದ್ದಿ, ರಾತ್ರಿ ವಸತಿಗೃಹದಿಂದ ಒಟ್ಟಿಗೆ ಏರಿಸಿದೆ. ತೋಟದಿಂದ ಕೆಲಸ ಮಾಡಲು ಹೊರಟವರು ಒಂದು ದಿನದ ಕೆಲಸವನ್ನಾದರೂ ಅಂತರ್ಜಾಲದ ಹಂಗಿಲ್ಲದೆ ಕೈಯಲ್ಲಿ ಇಟ್ಟುಕೊಂಡಿರಬೇಕು, ಇಲ್ಲವಾದರೆ ಮಳೆಯನ್ನು ಬೈಯುತ್ತಾ ಕೂರಬೇಕಾಗುತ್ತದೆ. ಇಷ್ಟು ಚಂದದ ಮಳೆಯನ್ನು ಬೈಯುವುದು ನನಗೆ ಒಗ್ಗದು.

ಜಗುಲಿಯಲ್ಲಿ ಕೂತ ಕಾರಣಕ್ಕೆ ಕಂಬವನ್ನು ಹತ್ತಿರದಿಂದ ನೋಡುವಂತಾಯಿತು. ನನ್ನ ಭುಜದ ಎತ್ತರದಲ್ಲಿ ಚೂರಿಯಿಂದ ಗೀರಿದ ಅಡ್ಡ ಗೆರೆಯೊಂದಿತ್ತು, ಪಕ್ಕದಲ್ಲಿ 1999 ಎಂಬ ಅಂಕಿ. ಅದರ ಕೆಳಗೆ, ಮೊಣಕಾಲಿನಿಂದ ಸೊಂಟದವರೆಗೆ, ವರ್ಷವಿಲ್ಲದ ಇನ್ನಷ್ಟು ಗೆರೆಗಳು. ಗೆರೆಗಳೆಲ್ಲ ಪ್ರವಾಹದವು. 1999ರ ನವೆಂಬರಿನ ಮಹಾಪೂರ ಹುಯೆಯವರ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ. ನೀರು ಏರಿದಾಗ ಅಕ್ಕಿಯ ಮೂಟೆಗಳನ್ನೂ ದೇವರ ಪೀಠದ ಸಾಮಾನುಗಳನ್ನೂ ಅಟ್ಟಕ್ಕೆ ಸಾಗಿಸಿದ್ದನ್ನು ಬಾಕ್ ಕೈಸನ್ನೆಯಲ್ಲಿ ವಿವರಿಸಿದರು. ಮೊಮ್ಮಗಳು ನಡುನಡುವೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹಲಸಿನ ಕಂಬ ನೀರಿನಲ್ಲಿ ನಿಂತರೂ ಕೊಳೆಯಲಿಲ್ಲ, ಆದರೆ ಮರಗಳಲ್ಲಿ ಹಲವು ಸತ್ತವು. ನಾನು ನೆರಳಿಗೆ ಕೂರುತ್ತಿರುವ ಎರಡು ಥಾನ್ ಟ್ರಾಗಳು ಆಮೇಲೆ ನೆಟ್ಟವು.

ಮಾತು ಹಾಗೇ ಮುಂದುವರಿದು ಕೆಫೆ ಹೇಗೆ ಶುರುವಾಯಿತೆಂಬುದೂ ಬಂತು. ತೋಟ ಮೊದಲು ಈಗಿನ ಮೂರರಷ್ಟಿತ್ತು. ಅಣ್ಣತಮ್ಮಂದಿರ ನಡುವೆ ಪಾಲಾಗಿ, ಬೇರೆ ಎರಡು ಪಾಲುಗಳು ಮಾರಾಟವಾಗಿ, ಅಲ್ಲಿ ನಾಲ್ಕಂತಸ್ತಿನ ಕಟ್ಟಡಗಳು ಎದ್ದವು. ಇವರ ಪಾಲನ್ನೂ ಕೇಳಿಕೊಂಡು ಬಂದವರಿದ್ದರು. ಹಳೆಯ ಮನೆಯ ಮಾಡಿನ ರಿಪೇರಿಗೆ ಪ್ರತಿ ವರ್ಷ ದುಡ್ಡು ಬೇಕು. ವಿಶಿಷ್ಟವೆಂದು ಗುರುತಿಸಿದ ತೋಟದ ಮನೆಗಳ ದುರಸ್ತಿಗೆ ಆಡಳಿತದಿಂದ ನೆರವಿನ ಯೋಜನೆ ಇದೆ, ಆದರೆ ಇವರ ಮನೆ ಆ ಪಟ್ಟಿಯಲ್ಲಿಲ್ಲ. ಏಳು ವರ್ಷದ ಹಿಂದೆ ಅಂಗಳದಲ್ಲಿ ಆರು ಮೇಜು ಹಾಕಿ ಕಾಫಿ ಮಾರತೊಡಗಿದರು. ಈಗ ಮೇಜುಗಳು ಹದಿನೆಂಟು. ಮಾಡು ಸೋರುವುದಿಲ್ಲ.

ನಮ್ಮ ಹಿತ್ತಿಲನ್ನು ಮಾರುವಾಗ ಇಂಥದೊಂದು ದಾರಿ ಇದೆಯೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹನ್ನೊಂದು ಮರಗಳ ಕೆಳಗೆ ಆರು ಬೆಂಚು ಹಾಕಿದ್ದರೆ ಎಂದು ಇಡೀ ಸಂಜೆ ಯೋಚಿಸುತ್ತಿದ್ದೆ.

ಮಾರ್ಚ್ 14, ಶುಕ್ರವಾರ

ಇಂದು ಹುಣ್ಣಿಮೆ. ನಮ್ಮಲ್ಲಿ ಫಾಲ್ಗುಣದ ಹುಣ್ಣಿಮೆ, ಕಾಮನ ಹಬ್ಬ. ಇಲ್ಲಿನ ಪಂಚಾಂಗದಲ್ಲಿ ಎರಡನೆಯ ತಿಂಗಳ ಹದಿನೈದು. ಚಾಂದ್ರಮಾನದ ಒಂದು ಮತ್ತು ಹದಿನೈದರಂದು ಹುಯೆಯಲ್ಲಿ ಬಹಳ ಮನೆಗಳವರು ಮಾಂಸ ಮುಟ್ಟುವುದಿಲ್ಲ. ಬೌದ್ಧ ಸಂಪ್ರದಾಯ ಆಳವಾಗಿ ಬೇರುಬಿಟ್ಟ ಊರಿದು, ಝೆನ್ ಗುರು ಥಿಕ್ ನ್ಯಾಟ್ ಹಾನ್ ಅವರು ಹುಟ್ಟಿದ್ದೂ, 2022ರ ಜನವರಿಯಲ್ಲಿ ದೇಹ ಬಿಟ್ಟದ್ದೂ ಇಲ್ಲಿಯೇ. ವಾರವೆಲ್ಲ ‘ಆನ್ ಚಾಯ್’, ಅಂದರೆ ಸಸ್ಯಾಹಾರ, ಎಂಬ ಎರಡು ಪದಗಳನ್ನೇ ಊರುಗೋಲಾಗಿ ಹಿಡಿದು ಸಸ್ಯಾಹಾರದ ಅಂಗಡಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ನನಗೆ ಇಂದು ಹುಡುಕುವ ಕೆಲಸವೇ ಇರಲಿಲ್ಲ.

ಬೆಳಗ್ಗೆ ಬಂದಾಗ ಬಾಕ್ ಅಂಗಳದಲ್ಲಿ ಸಣ್ಣ ಮಣೆಯ ಮೇಲೆ ಹೂವು, ಹಣ್ಣು, ನೀರಿನ ಬಟ್ಟಲು, ವೀಳ್ಯದೆಲೆ ಮತ್ತು ತೊಟ್ಟಿರುವ ಹಸಿ ಅಡಿಕೆಗಳನ್ನು ಜೋಡಿಸುತ್ತಿದ್ದರು. ನಾನು ಎಲೆಗಳ ತುದಿ ಒಂದೇ ಕಡೆಗೆ ಬರುವಂತೆ ಸರಿಪಡಿಸಿದೆ. ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ನಮ್ಮೂರಿನಲ್ಲಿಯೂ ಉಂಟು ಎಂದು ಮೊಮ್ಮಗಳ ಮೂಲಕ ಹೇಳಿಸಿದೆ: ಮದುವೆಗೆ, ಹಬ್ಬಕ್ಕೆ, ಬಂದವರನ್ನು ಕಳಿಸಿಕೊಡುವಾಗ. ಇಲ್ಲಿಯೂ ಮದುವೆಯ ಮಾತು ಶುರುವಾಗುವುದು ವೀಳ್ಯ ಅಡಿಕೆಯಿಂದಲೇ ಎಂಬ ಉತ್ತರ ಬಂತು. ಆಮೇಲೆ ಊದುಬತ್ತಿ ಹಚ್ಚಿ ನನ್ನ ಕೈಗೂ ಮೂರು ಕಡ್ಡಿ ಕೊಟ್ಟರು.

ಮಧ್ಯಾಹ್ನ ಗಿರಾಕಿಗಳಿಗೆಲ್ಲ ಒಂದೇ ಊಟ. ಮಜ್ಜಿಗೆಹುಲ್ಲಿನ ಘಮವಿರುವ ತಿಳಿಸಾರು, ಅದರಲ್ಲಿ ಶಾವಿಗೆ, ಅಣಬೆ, ತೋಫು, ಮೇಲೆ ಬಾಳೆಹೂವನ್ನು ಕೂದಲೆಳೆಯಂತೆ ಹೆಚ್ಚಿ ಹಾಕಿದ್ದು. ದುಡ್ಡು ಕೊಡಹೋದರೆ ಹುಣ್ಣಿಮೆಯ ಊಟಕ್ಕೆ ಇಲ್ಲವೆಂದರು. ವಾರದ ಕೊನೆಯ ತಿದ್ದುಪಡಿಗಳ ಒತ್ತಡ ಇತ್ತಾದರೂ ಎಂಟಕ್ಕೆ ಸರಿಯಾಗಿ ಕೈಪಿಡಿ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಬಿನ್ ಫಾಂಗ್ ಗೋಡೆಯ ಮೇಲೆ ಚಂದ್ರ ಬಂದಿದ್ದ. ಬಿಸಿಲಿನಲ್ಲಿ ಅರೆಮನಸ್ಸಿನಿಂದ ಹರಡುವ ಚಕ್ಕೋತದ ಕಂಪು ರಾತ್ರಿಯಾದ ಮೇಲೆ ಪೂರ್ತಿ ತೆರೆದುಕೊಂಡಿತು.

ಮಾರ್ಚ್ 15, ಶನಿವಾರ

ಬೆಳಗ್ಗೆ ನದಿಯ ಆಚೆ ದಡದ ಥುಯ್ ಬಿಯೂಗೆ ಹೋಗಿಬಂದೆ. ಥಾನ್ ಟ್ರಾಗೆ ಹೆಸರಾದ ಹಳ್ಳಿ. ಓಣಿಯ ಎರಡೂ ಬದಿಗೆ ಬೇಲಿಯಿಂದಾಚೆ ಮರಗಳೇ ಮರಗಳು, ನೆಲವೆಲ್ಲ ಬಿಳಿ. ಹಣ್ಣು ಬರುವುದು ಶ್ರಾವಣದ ಹೊತ್ತಿಗೆ. ನಮ್ಮ ಚಕ್ಕೋತದಷ್ಟು ದಪ್ಪವಿಲ್ಲ, ತೊಟ್ಟಿನ ಕಡೆಗೆ ಪೇರಳೆಯಂತೆ ಕಿರಿದಾಗಿರುತ್ತದೆ ಎಂದು ಚಿತ್ರ ತೋರಿಸಿದರು.

ರಜೆಯ ದಿನವಾದರೂ ಮಧ್ಯಾಹ್ನ ಮತ್ತೆ ಕೆಫೆಗೇ ಹೋದೆ. ಲ್ಯಾಪ್‌ಟಾಪ್ ಇಲ್ಲದೆ ಬಂದವಳನ್ನು ನೋಡಿ ಅಡುಗೆಯವರು ಏನೋ ಹೇಳಿ ನಕ್ಕರು. ಶನಿವಾರದ ಜನ ತುಂಬಿದ್ದರು. ಬಿದಿರಿನ ತಗ್ಗು ಕುರ್ಚಿಯಲ್ಲಿ ಕೂತು ದೇವನಹಳ್ಳಿಯ ಚಿಕ್ಕಪ್ಪನಿಗೆ ವೀಡಿಯೊ ಕರೆ ಮಾಡಿದೆ. ಹನ್ನೊಂದು ಮರಗಳಲ್ಲಿ ಬಾವಿಯ ಪಕ್ಕದ ಒಂದು ಮಾತ್ರ ಅವರ ಪಾಲಿನ ಮೂವತ್ತು ನಲವತ್ತರ ನಿವೇಶನದ ಮೂಲೆಯಲ್ಲಿ ಉಳಿದಿದೆ.

“ಏನಮ್ಮ, ಅಲ್ಲೂ ಚಕ್ಕೋತ ಐತಾ?” ಎಂದರು. ಫೋನನ್ನು ಮರಕ್ಕೆ ತಿರುಗಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬುಡ ತೋರ್ಸು” ಎಂದರು. ಬುಡ ತೋರಿಸಿದೆ. “ಸುಣ್ಣ ಎಷ್ಟು ಎತ್ತರಕ್ಕೆ ಬಳಿದವ್ರೆ ನೋಡು. ನಮ್ಮಪ್ಪನೂ ಅಷ್ಟೇ ಬಳೀತಿದ್ದ. ನಮ್ದಕ್ಕೆ ಬುಡದಾಗೆ ಅಂಟು ಸುರೀತೈತೆ, ಈ ಸಲ ಹೂವೇ ಬಿಟ್ಟಿಲ್ಲ. ಆ ಯಮ್ಮನ್ನ ಕೇಳು.”

ಬಾಕ್‌ರನ್ನು ಕರೆದೆ. ಅವರು ಕೈ ಒರೆಸಿಕೊಂಡು ಬಂದು ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಚಿಕ್ಕಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಕೈ ಮುಗಿದರು. ಅಲ್ಲಿಂದ ಮುಂದಿನ ಕಾಲು ಗಂಟೆಯ ಮಾತು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹುಯೆಯ ನುಡಿಗೆ ಹೋಗಿ ಅದೇ ದಾರಿಯಲ್ಲಿ ಮರಳುತ್ತಿತ್ತು, ಅರ್ಧ ದಾರಿಯಲ್ಲಿಯೇ ಇಬ್ಬರಿಗೂ ಅರ್ಥವಾಗಿಬಿಡುತ್ತಿತ್ತು. ಬುಡದಲ್ಲಿ ನೀರು ನಿಲ್ಲುತ್ತದೆಯೇ ಎಂದು ಬಾಕ್ ಕೇಳಿದರು. ಚಿಕ್ಕಪ್ಪ ಫೋನು ಹಿಡಿದು ಹಿತ್ತಿಲಿಗೆ ನಡೆದರು. ಮರದ ಸುತ್ತ ಪಕ್ಕದ ಮನೆಯವರ ಸಿಮೆಂಟು ಹಾಸು ಬಂದಿತ್ತು, ಮೂಲೆಯಲ್ಲಿ ಬಟ್ಟೆ ಒಗೆಯುವ ನೀರು ಹಸಿರುಗಟ್ಟಿ ನಿಂತಿತ್ತು. ಬಾಕ್ ತಲೆಯಾಡಿಸಿ, ತಮ್ಮ ಮರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬೇರಿನ ಸುತ್ತ ಮಣ್ಣನ್ನು ಏರಿಸಿ ಹೊರಕ್ಕೆ ಇಳಿಜಾರು ಮಾಡಿದ್ದನ್ನು ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಅಂಟು ಸುರಿಯುವ ಕಡೆ ತೊಗಟೆಯನ್ನು ಹೆರೆದು, ಒಣಗಲು ಬಿಟ್ಟು, ಆಮೇಲೆ ಸುಣ್ಣ ಎಂದು ಚೂರಿಯ ಹಾಗೆ ಕೈ ಆಡಿಸಿದರು.

“ಸಿಮೆಂಟು ಒಡೀಬೇಕು ಅಂತವ್ರೆ,” ಎಂದರು ಚಿಕ್ಕಪ್ಪ, ಅನುವಾದಕ್ಕೆ ಕಾಯದೆ. “ಒಡೆಸ್ತೀನಿ. ಸೋಮವಾರ ಆಳು ಕರೀತೀನಿ.”

ಮಾರ್ಚ್ 16, ಭಾನುವಾರ

ರೈಲು ಬೆಳಗಿನ ಹತ್ತು ದಾಟಿದ ಮೇಲೆ. ಆರೂವರೆಗೆ ಗೇಟು ತೆರೆಯುವಾಗಲೇ ಹೋದೆ. ಚದುರಿದ ಮೋಡ, ಒದ್ದೆಯ ಅಂಗಳ, ಚದುರಂಗದ ಹಿರಿಯರು ಇನ್ನೂ ಬಂದಿರಲಿಲ್ಲ. ಮೊಮ್ಮಗಳು ಫಿನ್ ತಂದಿಟ್ಟು, ಒಂದು ಹಳೆಯ ದಿನಪತ್ರಿಕೆಯ ಪೊಟ್ಟಣವನ್ನೂ ಪಕ್ಕಕ್ಕೆ ಇಟ್ಟಳು. ಒಳಗೆ ನೆರಳಿನಲ್ಲಿ ಒಣಗಿಸಿದ ಹೂವಿನ ಎಸಳುಗಳಿದ್ದವು, ಚಹಾದ ಪುಡಿಯೊಡನೆ ಬೆರೆಸಿ ಡಬ್ಬಿಯಲ್ಲಿ ಇಡಬೇಕಂತೆ. ಬಾಕ್ ತೊಟ್ಟಿಗೆ ನೀರು ತುಂಬುತ್ತಿದ್ದರು. ಹೊರಡುವ ಹೊತ್ತಿಗೆ ಏನು ಹೇಳಬೇಕೆಂದು ಕಲಿತುಕೊಂಡು ಬಂದಿದ್ದ ವಾಕ್ಯವನ್ನು ಹೇಳಿದೆ. ಸ್ವರ ತಪ್ಪಿರಬೇಕು, ಅವರು ಎರಡು ಬಾರಿ ತಿದ್ದಿ ಹೇಳಿಸಿದರು.

ಕೊನೆಯ ಹನಿ ಬಿದ್ದ ಮೇಲೆ ಮುಚ್ಚಳವನ್ನು ಅಂಗಾತ ಇಟ್ಟು, ಅದರ ಮೇಲೆ ಫಿನ್ ಇಟ್ಟೆ. ನೇರ ಬೆನ್ನಿನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಊಟದ ಕೋಣೆಯಲ್ಲಿ ಅದರ ಜಾಗಕ್ಕೆ ಸೇರಿಸಿ, ಗೋಡೆಯನ್ನು ಬಳಸಿಕೊಂಡು ಬೀದಿಗೆ ಬಂದೆ.